ಕುದುರೆಮುಖ ಶಿಖರ ಚಾರಣ: ಹತ್ತುವ ಮೊದಲು ತಿಂಗಳು ನೋಡಿ

ಜುಲೈ ತಿಂಗಳ ವಾರಾಂತ್ಯಕ್ಕೆ ಟಿಕೆಟ್ ಸಿಗಲಿಲ್ಲವೆಂದು ಬೇಸರವಾಗಿದ್ದರೆ, ಬೇಸರ ಬಿಡಿ. ಕುದುರೆಮುಖದ ಸುತ್ತ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಆ ಹೊತ್ತಿಗೆ ಹತ್ತಿದವರಿಗೆ ತುದಿಯಲ್ಲಿ ಸಿಗುವುದು ಬಿಳಿ ಮಂಜು, ಗಾಳಿ, ಕಾಲ್ಚೀಲದ ತುಂಬ ಇಂಬಳ. ಈ ಚಾರಣ ತನ್ನ ಪೂರ್ತಿ ಬೆಲೆ ಕೊಡುವುದು ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ. ಹುಲ್ಲು ಇನ್ನೂ ಹಸಿರಾಗಿರುತ್ತದೆ, ಹಳ್ಳಗಳಲ್ಲಿ ನೀರಿರುತ್ತದೆ, ಮಧ್ಯಾಹ್ನದವರೆಗಾದರೂ ಆಕಾಶ ಬಿಡುವು ಕೊಡುತ್ತದೆ. ಡಿಸೆಂಬರ್, ಜನವರಿಯಲ್ಲಿ ನೋಟ ಇನ್ನೂ ಶುಭ್ರ, ಆದರೆ ಗುಡ್ಡ ಹಳದಿಗೆ ತಿರುಗಿರುತ್ತದೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವುದು ಮಾಮೂಲು.

ಟಿಕೆಟ್ಟು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ. ಶನಿವಾರ, ಭಾನುವಾರ ಬೇಗ ತುಂಬುತ್ತವೆ, ಮಂಗಳವಾರ ಬುಧವಾರ ಸಲೀಸು. ಟಿಕೆಟ್ಟನ್ನು ಮುದ್ರಿಸಿಕೊಳ್ಳಿ, ಇಲ್ಲವೇ ಮೊಬೈಲಿನಲ್ಲಿ ಇಳಿಸಿಟ್ಟುಕೊಳ್ಳಿ. ಚೆಕ್‌ಪೋಸ್ಟಿನಲ್ಲಿ ನಿಂತು ಹುಡುಕೋಣವೆಂದರೆ ನೆಟ್‌ವರ್ಕ್ ಇರುವುದಿಲ್ಲ. ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯೇ ಜೊತೆಗಿರಲಿ.

ಬೆಂಗಳೂರಿನಿಂದ ಹೊರನಾಡಿಗೆ ಹೋಗುವ ರಾತ್ರಿ ಬಸ್ಸು ಹಿಡಿದು ಕಳಸದಲ್ಲಿ ಇಳಿಯುವುದು ಸುಲಭದ ದಾರಿ. ಅಲ್ಲಿಂದ ಬಾಳೆಗಲ್‌ಗೆ ಬನ್ನಿ. ಬಾಳೆಗಲ್‌ನಿಂದ ಚಾರಣ ಶುರುವಾಗುವ ಮುಳ್ಳೋಡಿ ಎಂಬ ಹಳ್ಳಿಗೆ ಆರೇಳು ಕಿ.ಮೀ. ಕಲ್ಲುಮಣ್ಣಿನ ಏರು. ಸ್ವಂತ ಕಾರು ಅಲ್ಲಿ ತಳ ಉಜ್ಜಿಕೊಳ್ಳುತ್ತದೆ, ಸ್ಥಳೀಯರ ಫೋರ್‌ವೀಲ್ ಜೀಪೇ ಗತಿ. ಬಾಡಿಗೆ ಸಾಮಾನ್ಯವಾಗಿ ಜೀಪಿಗೆ, ತಲೆಗಲ್ಲ. ಇಬ್ಬರೇ ಹೋದರೂ ಅಷ್ಟೇ ದುಡ್ಡು, ಹಾಗಾಗಿ ಜೊತೆ ಹುಡುಕಿಕೊಳ್ಳಿ, ದರ ಹತ್ತುವ ಮೊದಲೇ ಮಾತಾಡಿ. ಹಿಂದಿನ ರಾತ್ರಿ ಮುಳ್ಳೋಡಿಯ ಹೋಮ್‌ಸ್ಟೇಯಲ್ಲೇ ಉಳಿದವರಿಗೆ ಬೆಳಿಗ್ಗೆ ಗೇಟು ತೆರೆದೊಡನೆ ಹೊರಡುವ ಅನುಕೂಲ. ಊಟ ಸರಳ, ಬಿಸಿ, ಸಾಕಷ್ಟು. ಹೆಚ್ಚು ನಿರೀಕ್ಷೆ ಬೇಡ.

ಹೋಗಿ ಬರುವುದು ಒಟ್ಟು ಹದಿನೆಂಟರಿಂದ ಇಪ್ಪತ್ತು ಕಿ.ಮೀ., ಎಂಟೊಂಬತ್ತು ತಾಸು. ಮೊದಲ ಭಾಗ ಕಾಡು, ಹಳ್ಳ, ಏರಿಳಿತ. ಒಂಟಿಮರ ದಾಟಿದ ಮೇಲೆ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ನಿಜವಾಗಿ ನೋಡಬೇಕಾದದ್ದು ಇದು, ಶಿಖರವಲ್ಲ. ಬೆಟ್ಟದ ಮೈ ತೆಳುಮಣ್ಣು, ಗಾಳಿಗೆ ಒಡ್ಡಿಕೊಂಡದ್ದು, ಅಲ್ಲಿ ಹುಲ್ಲಷ್ಟೇ ನಿಲ್ಲುತ್ತದೆ. ಮಡಿಕೆಗಳಲ್ಲಿ ಮಣ್ಣೂ ನೀರೂ ಸೇರುವುದರಿಂದ ಅಲ್ಲಿ ಶೋಲಾ ಕಾಡು, ಕುಳ್ಳಗೆ, ಒತ್ತೊತ್ತಾಗಿ. ಮಳೆ ಹಿಂದೆ ಸರಿಯುವಾಗ ಜೌಗು ಇಳಿಜಾರಿನಲ್ಲಿ ಕೂತು ನೋಡಿದರೆ ಕೆಂಪು ಅಂಟುಹನಿ ಹೊತ್ತ ಕೀಟಾಹಾರಿ ಡ್ರಾಸೆರಾ ಕಾಣುತ್ತದೆ, ನಾಣ್ಯದಷ್ಟೇ ಅಗಲ. ಹಳ್ಳದ ಬಳಿ ಮನುಷ್ಯರು ಶಿಳ್ಳೆ ಹೊಡೆದಂತೆ ಕೇಳಿದರೆ ಅದು ಮಲಬಾರ್ ಸಿಳ್ಳಾರ ಹಕ್ಕಿ. ದೂರದ ಬಯಲಿನಲ್ಲಿ ಕಾಟಿ, ಕಡವೆ ಇರಬಹುದು. ಶಿಖರದ ಹಾದಿಯಲ್ಲಿ ಸಿಂಗಳೀಕ ಕಂಡೀತೆಂದು ಹೋಗುವವರಿಗೆ ನಿರಾಸೆ ಖಂಡಿತ, ಅದು ನಿತ್ಯಹಸಿರು ಕಾಡಿನ ಮರದ ನೆತ್ತಿ ಬಿಟ್ಟು ಹುಲ್ಲಿಗೆ ಬರುವ ಪ್ರಾಣಿಯಲ್ಲ.

ಲೋಬೋ ಮನೆಯ ಪಾಳು ಗೋಡೆ ಕಳೆದ ಮೇಲಿನ ಕೊನೆಯ ಏರು ಕಡಿದು. ಮುಂದೆ ನೀರು ನಂಬುವಂತಿಲ್ಲ, ಹಳ್ಳದಲ್ಲೇ ಎರಡು ಲೀಟರ್ ತುಂಬಿಕೊಳ್ಳಿ. ಬಿಸಾಡುವ ಪ್ಲಾಸ್ಟಿಕ್ ಒಳಗೆ ಬಿಡುವುದಿಲ್ಲ, ಸ್ಟೀಲ್ ಬಾಟಲಿಯೇ ಸರಿ. ಮಧ್ಯಾಹ್ನ ಒಂದಕ್ಕೆ ಎಲ್ಲಿದ್ದರೂ ಹಿಂತಿರುಗಿ: ಸಂಜೆ ಮಳೆ ಬಂದರೆ ಬೆಳಿಗ್ಗೆ ಪಾದ ಮುಳುಗಿದ ಹಳ್ಳ ತೊಡೆ ಮುಟ್ಟುತ್ತದೆ, ಗುಡುಗಿದಾಗ ಬೋಳು ಏಣಿನ ಮೇಲೆ ನೀವೇ ಎತ್ತರದವರು. ಮಂಜಿನಲ್ಲಿ ಕಾಟಿಗಳು ತುಳಿದ ಜಾಡು ಚಾರಣದ ದಾರಿಯಂತೆಯೇ ಕಾಣುತ್ತದೆ, ಗೈಡ್ ಬಿಟ್ಟು ಮುಂದೋಡುವವರು ತಪ್ಪುವುದು ಅಲ್ಲೇ. ಪೊಂಚೋ ಬೇಡ, ಏಣಿನ ಗಾಳಿ ಅದನ್ನು ಮುಖಕ್ಕೆ ಸುತ್ತುತ್ತದೆ, ಜಾಕೆಟ್ ಒಳ್ಳೆಯದು. ಸವೆದ ಅಟ್ಟೆಯ ಶೂ ಇಳಿಯುವಾಗ ಜೇಡಿಯಲ್ಲಿ ಕೈಕೊಡುತ್ತದೆ.

ಇಂಬಳಕ್ಕೆ ಒತ್ತು ನೇಯ್ಗೆಯ ಮೊಣಕಾಲುದ್ದ ಕಾಲ್ಚೀಲ, ಪ್ಯಾಂಟು ಅದರೊಳಗೆ. ಉಪ್ಪು ಸವರಿಕೊಂಡರೆ ಮಳೆಗೆ ಹತ್ತೇ ನಿಮಿಷ. ಬಟ್ಟೆಯ ಗಂಟಿನಲ್ಲಿ ಉಪ್ಪು ಕಟ್ಟಿಟ್ಟುಕೊಂಡು, ಹತ್ತಿದಾಗ ಅದರಿಂದ ಮುಟ್ಟಿಸಿದರೆ ಉದುರುತ್ತದೆ. ಬಿದ್ದ ಮೇಲೂ ರಕ್ತ ಸೋರುತ್ತಲೇ ಇರುತ್ತದೆ, ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಟ್ಟಿರುತ್ತದೆ. ಒತ್ತಿ ಹಿಡಿದು ಪಟ್ಟಿ ಹಾಕಿದರೆ ಸಾಕು.

ಐದರಲ್ಲಿ ನಾಲ್ಕು ಅಂಕ. ಒಂದು ಕಡಿತ, ವಾರಾಂತ್ಯದ ಸಾಲಿಗೆ: ಎಲ್ಲರೂ ಒಂದೇ ಹೊತ್ತಿಗೆ ಹೊರಡುತ್ತಾರೆ, ಕೆಸರು ತಪ್ಪಿಸಲು ಪಕ್ಕದ ಹುಲ್ಲು ತುಳಿಯುತ್ತಾರೆ, ಮುಂದಿನ ಮಳೆಗೆ ಆ ತುಳಿತವೇ ಚರಂಡಿಯಾಗುತ್ತದೆ. ಕೆಸರಿನಲ್ಲೇ ನಡೆಯಿರಿ. ಮೊಣಕಾಲು ನೋವಿರುವವರು, ಚಿಕ್ಕ ಮಕ್ಕಳಿರುವವರು ಇದೇ ರಾಷ್ಟ್ರೀಯ ಉದ್ಯಾನದ ಕುರಿಂಜಲ್ ಬೆಟ್ಟ ಆರಿಸಿಕೊಳ್ಳಲಿ, ಅರ್ಧ ದಿನ ಸಾಕು.

ಮರಳುವಾಗ ಕಾರ್ಕಳದ ಕಡೆ ಇಳಿಯುವುದಾದರೆ ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದ ಗಣಿಹೂಳು ನೆನಪಿರಲಿ. ಕಬ್ಬಿಣದ ಅದಿರು ತೆಗೆಯುವುದು 2005ರ ಕೊನೆಗೆ ನಿಂತಿತು, ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ್ದು 1987ರಲ್ಲೇ. ಸಿಂಗಳೀಕದ ಆಸೆಯಿದ್ದರೆ ಈ ಘಾಟಿ ರಸ್ತೆಯೇ ಜಾಗ. ನಿಧಾನಕ್ಕೆ ಓಡಿಸಿ, ಕಿಟಕಿಯಿಂದ ನೋಡಿ, ಬಾಳೆಹಣ್ಣು ಎಸೆಯಬೇಡಿ. ತಿಂಡಿಗೆ ಇಳಿದು ಅಭ್ಯಾಸವಾದ ಕೋತಿ ಚಕ್ರಕ್ಕೆ ಸಿಕ್ಕುತ್ತದೆ.