ಕವರ್, ಎನ್‌ವೆಲಪ್, ಎನ್‌ಗಲ್ಫ್: ಯಾವುದು ಎಲ್ಲಿ?

ಧಾರವಾಡದಲ್ಲಿ ಪರೀಕ್ಷೆಗೆ ಓದುತ್ತಿರುವ ತಂಗಿಯೊಬ್ಬಳು ಕೇಳಿದ್ದಾಳೆ: ಇಂಗ್ಲಿಷ್ ಪ್ರಬಂಧದಲ್ಲಿ ‘ಪೂರ್ತಿ ಆವರಿಸು’ ಅನ್ನೋಕೆ ಮೂರರಲ್ಲಿ ಯಾವುದು ಬರೀಲಿ?

ಮೊದಲು ರಭಸ ನೋಡಬೇಕು. 2019ರಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರಿಗೆ ನುಗ್ಗಿದ್ದನ್ನು ಬರೆಯುವಾಗ ಎನ್‌ಗಲ್ಫ್ ಸರಿ. ಅದರಲ್ಲಿ ನುಂಗುವ ಭಾವ ಇದೆ. ಬೆಂಕಿ, ನೆರೆ, ಗಲಭೆ, ದುಃಖ ಎಲ್ಲಕ್ಕೂ ಹೊಂದುತ್ತದೆ. ನೃಪತುಂಗ ಬೆಟ್ಟದ ಬೆಳಗಿನ ಮಂಜಿಗೆ ಮಾತ್ರ ಅದು ಜಾಸ್ತಿ ಆಯ್ತು. ಅಲ್ಲಿ ಎನ್‌ವೆಲಪ್ ಸಾಕು, ಮೆತ್ತಗೆ ಸುತ್ತಿಕೊಳ್ಳುತ್ತದೆ.

ಸ್ಪೆಲ್ಲಿಂಗ್‌ನಲ್ಲಿ ಎನ್‌ವೆಲಪ್ ಸ್ವಲ್ಪ ತಂಟೆ. ಕೊನೆಗೊಂದು ‘ಇ’ ಸೇರಿದರೆ ಲಕೋಟೆ ಆಗುತ್ತದೆ! ಉಚ್ಚಾರದಲ್ಲಿ ಒತ್ತು ‘ವೆ’ ಮೇಲೆ.

ಕವರ್ ಎಲ್ಲಕ್ಕೂ ನಡೆಯುತ್ತದೆ, ಆದರೆ ಅರ್ಧ ಮುಚ್ಚಿದ್ದಕ್ಕೂ ಅದೇ ಅಲ್ವಾ? ಪೂರ್ತಿ ಅನ್ನಲು ಜೊತೆಗೆ ‘ಕಂಪ್ಲೀಟ್ಲಿ’ ಬೇಕು. ಆಫೀಸಿನ ಪತ್ರ, ವರದಿಗೆ ಇದೇ ಚೆಂದ.