ಟ್ರಾಲಿಗೆ ಹೈಡ್ರಾಲಿಕ್ ಬ್ರೇಕ್: ಹಿಡಿತ ಭರ್ಜರಿ, ಕಪ್ಲರ್ ಕಿರಿಕಿರಿ

ಕಬ್ಬು ತುಂಬಿದ ಟ್ರಾಲಿ ಇಳಿಜಾರಿನಲ್ಲಿ ಹೇಗೆ ನೂಕುತ್ತದೆ ಎಂಬುದು ಟ್ರ್ಯಾಕ್ಟರ್ ಹೊಡೆಯುವವರಿಗೆ ಗೊತ್ತೇ ಇದೆ. ಟ್ರ್ಯಾಕ್ಟರ್ ಬ್ರೇಕು ಹಿಡಿಯುವುದು ಅದರ ಎರಡು ದೊಡ್ಡ ಗಾಲಿಗಳನ್ನಷ್ಟೇ. ಹಿಂದಿರುವ ಲೋಡು ಟ್ರ್ಯಾಕ್ಟರಿನ ಹಲವು ಪಟ್ಟು ಭಾರ. ಟ್ರಾಲಿಗೇ ಹೈಡ್ರಾಲಿಕ್, ಅಂದರೆ ಆಯಿಲ್ ಒತ್ತಡದ, ಬ್ರೇಕ್ ಹಾಕಿಸಿದ ಮೇಲೆ ಆ ನೂಕು ನಿಂತಿದೆ. ಪೆಡಲ್ ಒತ್ತಿದರೆ ಟ್ರಾಲಿಯೇ ಹಿಂದಕ್ಕೆ ಜಗ್ಗುತ್ತದೆ, ಟ್ರಾಲಿ ಜೋಡಿಸುವ ಹಿಚ್ ಪಿನ್ನು ಧಡ್ ಎಂದು ಬಡಿಯುವುದಿಲ್ಲ. ಈ ಒಂದು ಸುಖಕ್ಕೇ ಕೊಟ್ಟ ದುಡ್ಡು ಸಾರ್ಥಕ.

ಹಾಗಂತ ಬ್ರೇಕ್ ನಂಬಿ ಮೇಲಿನ ಗೇರಿನಲ್ಲಿ ಇಳಿಯಬಾರದು. ಏರು ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ, ಅದನ್ನೂ ಇಳಿಜಾರು ಶುರುವಾಗುವ ಮೊದಲೇ ಹಾಕಿಕೊಳ್ಳಬೇಕು. ಕ್ಲಚ್ ಒತ್ತಿಕೊಂಡು ಇಳಿದರೆ ಇಂಜಿನ್ ಹಿಡಿತ ಹೋಯಿತು. ಪೆಡಲನ್ನು ಒಂದೇ ಸಮ ಒತ್ತಿ ಹಿಡಿದರೆ ಗಾಲಿಯ ಬ್ರೇಕ್ ಡ್ರಮ್ ಕಾದು, ಅದಕ್ಕೆ ಉಜ್ಜುವ ಬ್ರೇಕ್ ಶೂ ಸುಟ್ಟ ವಾಸನೆ ಬರುತ್ತದೆ. ಒತ್ತಿ ವೇಗ ಇಳಿಸಿ, ಬಿಡಿ, ಮತ್ತೆ ಒತ್ತಿ. ತಿರುವಿಗೆ ಬರುವ ಮುಂಚೆ, ಗಾಡಿ ನೆಟ್ಟಗಿರುವಾಗಲೇ ವೇಗ ಇಳಿಸಬೇಕು. ಟ್ರ್ಯಾಕ್ಟರಿನ ಎಡ-ಬಲ ಬ್ರೇಕ್ ಪೆಡಲ್‌ಗಳನ್ನು ಒಂದಾಗಿಸುವ ಜೋಡು ಕೊಂಡಿ ರಸ್ತೆಯಲ್ಲಿ ಸದಾ ಹಾಕಿರಲಿ.

ಇನ್ನು ಬೈಗುಳ. ಟ್ರ್ಯಾಕ್ಟರಿನಿಂದ ಟ್ರಾಲಿಗೆ ಬರುವ ಬ್ರೇಕ್ ಆಯಿಲ್ ಪೈಪನ್ನು ಜೋಡಿಸುವ, ಬಿಚ್ಚುವ ಕ್ವಿಕ್ ಕಪ್ಲರ್ ತಲೆನೋವಿನ ಮನೆ. ಬಿಚ್ಚಿಟ್ಟ ಟ್ರಾಲಿ ಬಿಸಿಲಲ್ಲಿ ನಿಂತರೆ ಪೈಪಿನೊಳಗಿನ ಆಯಿಲ್ ಕಾದು ಹಿಗ್ಗಿ ಒತ್ತಡ ಕಟ್ಟಿಕೊಳ್ಳುತ್ತದೆ. ಆಮೇಲೆ ಎಷ್ಟು ನೂಕಿದರೂ ಕಪ್ಲರ್ ಕೂರುವುದಿಲ್ಲ. ಸುತ್ತಿಗೆಯಿಂದ ಬಡಿದರೆ ತುದಿ ನಗ್ಗಿ ಸೀಲ್ ಹಾಳು. ಬಿಚ್ಚುವಾಗ ಪಾಲಿಸಬೇಕಾದ ಕ್ರಮ ಇದು: ಗಾಲಿಗಳಿಗೆ ಕಲ್ಲು ಕೊಡಿ, ಇಂಜಿನ್ ಆರಿಸಿ, ಪೆಡಲನ್ನು ಕೆಲವು ಸಲ ಒತ್ತಿ ಬಿಡಿ, ಆಮೇಲೆ ಕಪ್ಲರ್ ಎಳೆಯಿರಿ. ತುದಿಗೆ ಮುಚ್ಚಳ ಹಾಕಿ ಪೈಪನ್ನು ನೆರಳಿಗೆ ಸುತ್ತಿಡಿ. ಜೋಡಿಸುವಾಗ ಎರಡೂ ತುದಿಗಳನ್ನು ಒಣ ಬಟ್ಟೆಯಿಂದ ಒರೆಸಿ. ಎರೆಮಣ್ಣಿನ ಒಂದು ಕಣ ಸಾಕು, ಸೀಲ್ ಗೀರಿ ಆಯಿಲ್ ಜಿನುಗಲು. ಟಕ್ ಎಂದ ಮೇಲೂ ಒಮ್ಮೆ ಹಿಂದಕ್ಕೆ ಎಳೆದು ನೋಡಿ. ಹೊಲದಂಚಿನಲ್ಲೇ ನಡಿಗೆಯ ವೇಗದಲ್ಲಿ ಬ್ರೇಕ್ ಒತ್ತಿ: ಟ್ರಾಲಿ ಜಗ್ಗಿದರೆ ಸರಿ, ನೂಕಿದರೆ ರಸ್ತೆಗೆ ಇಳಿಸಬೇಡಿ.

ಇದಕ್ಕಿಂತ ದೊಡ್ಡ ಕೊರತೆಯನ್ನು ಅಂಗಡಿಯವರು ಬಾಯಿಬಿಟ್ಟು ಹೇಳುವುದಿಲ್ಲ. ಒಂದೇ ಪೈಪಿನ ಈ ಏರ್ಪಾಡಿಗೆ ಒತ್ತಡ ಬರುವುದು ಟ್ರ್ಯಾಕ್ಟರಿನ ಪಂಪಿನಿಂದ. ಇಂಜಿನ್ ಆರಿದರೆ ಅಥವಾ ಪೈಪು ಕಿತ್ತರೆ ಟ್ರಾಲಿಗೆ ಬ್ರೇಕೇ ಇಲ್ಲ. ಹಾಗಾಗಿ ಹಿಚ್ ಪಿನ್ನಿನ ಕ್ಲಿಪ್ಪು, ಸುರಕ್ಷಾ ಸರಪಳಿ, ಗಾಲಿಗೆ ಕೊಡುವ ಕಟ್ಟಿಗೆ ಯಾವುದನ್ನೂ ಬಿಡುವಂತಿಲ್ಲ. ಪೈಪು ತಿರುವಿನಲ್ಲಿ ಎಳೆಯದಷ್ಟು ಉದ್ದವಿರಬೇಕು, ನೆಲಕ್ಕೆ ಉಜ್ಜದಷ್ಟು ಮೇಲಿರಬೇಕು.

ಖಾಲಿ ಟ್ರಾಲಿಯಲ್ಲಿ, ಅದೂ ಕೆಸರು ಮೆತ್ತಿದ ಡಾಂಬರಿನ ಮೇಲೆ, ಗಾಲಿ ಬೇಗ ಲಾಕ್ ಆಗಿ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಅಲ್ಲಿ ಕಾಲು ಹಗುರವಾಗಿರಲಿ. ನೀರು ದಾಟಿದ ಮೇಲೆ ನಿಧಾನ ಹೋಗುತ್ತ ಪೆಡಲನ್ನು ಮೆಲ್ಲಗೆ ಒತ್ತಿ ಶೂ ಒಣಗಿಸಿಕೊಳ್ಳಬೇಕು.

ಕಾರ್ಖಾನೆ ದಾರಿಯಲ್ಲಿ ಏರಿಳಿತ ಇದ್ದವರು ಕಣ್ಣುಮುಚ್ಚಿ ಹಾಕಿಸಿ. ಡಬಲ್ ಟ್ರಾಲಿಯವರು ಮಾತ್ರ ಎರಡಕ್ಕೂ ಹಾಕಿಸಬೇಕು. ಮುಂದಿನದಕ್ಕಷ್ಟೇ ಹಾಕಿಸಿದರೆ ಹಿಂದಿನದು ಅದನ್ನು ನೂಕಿ ಮಡಚುತ್ತದೆ. ಎರಡಕ್ಕೆ ದುಡ್ಡು ಸಾಲದಿದ್ದರೆ ಒಂದೇ ಟ್ರಾಲಿ ಎಳೆಯಿರಿ. ಕೊಳ್ಳುವಾಗಲೇ ಕಪ್ಲರ್ ಸೀಲುಗಳನ್ನು ಎಕ್ಸ್‌ಟ್ರಾ ಕೇಳಿ ಇಸಿದುಕೊಳ್ಳಿ, ಸೀಸನ್ ನಡುವೆ ಸರಿಯಾದ ಸೈಜು ಸಿಗುವುದಿಲ್ಲ.