ಎಟಿಮಾನ್‌ಲೈನ್ ಹೇಗಿದೆ? ‘ವೆರಿ’ ಪದ ಕೊಟ್ಟು ಒಂದು ಪರೀಕ್ಷೆ

ಪದಮೂಲ ಹೇಳುವ ನಿಘಂಟು ಎಷ್ಟು ಗಟ್ಟಿ ಎಂದು ತಿಳಿಯಲು ದಿನಬಳಕೆಯ ಪದವನ್ನೇ ಕೊಟ್ಟು ನೋಡಬೇಕು. ಇಂಗ್ಲಿಷ್ ಪದಗಳ ಮೂಲ ಹೇಳುವ ಎಟಿಮಾನ್‌ಲೈನ್ ಡಗ್ಲಸ್ ಹಾರ್ಪರ್ ಕಟ್ಟಿದ ಉಚಿತ ಜಾಲತಾಣ. ಅದರಲ್ಲಿ ‘ವೆರಿ’ (very) ಹುಡುಕಿದರೆ ಪೂರ್ತಿ ಜಾಡು ಒಂದೇ ಪ್ಯಾರಾದಲ್ಲಿ ಸಿಗುತ್ತದೆ. ಲ್ಯಾಟಿನ್ನಿನ ‘ವೇರುಸ್’ ಎಂದರೆ ನಿಜ. ಅದರಿಂದ ‘ಸತ್ಯ ನುಡಿಯುವ’ ಎಂಬರ್ಥದ ‘ವೇರಾಕ್ಸ್’. ಆಡುಮಾತಿನ ಲ್ಯಾಟಿನ್ನಿನಲ್ಲಿ ‘ವೇರಾಕುಸ್’. ಹಳೆಯ ಫ್ರೆಂಚಿನಲ್ಲಿ ‘ವೆರಾಯ್’. ಅಲ್ಲಿಂದ 13ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ.

ಇಂಗ್ಲಿಷಿಗೆ ಬಂದಾಗ ಅದು ‘ನಿಜವಾದ’ ಎಂಬ ಗುಣವಾಚಕ. ‘ಬಹಳ’ ಎಂಬ ಅರ್ಥ ದಾಖಲಾಗಿರುವುದು 15ನೇ ಶತಮಾನದ ನಡುಭಾಗದಲ್ಲಿ. ಈ ಎರಡು ಕಾಲಗಳನ್ನು ಬೇರೆಬೇರೆಯಾಗಿ ಕೊಟ್ಟಿರುವುದೇ ಈ ನಿಘಂಟಿನ ದೊಡ್ಡ ಗುಣ. ‘ದ ವೆರಿ ಸೇಮ್’ (ಅದೇ, ಬೇರೆಯಲ್ಲ) ಎನ್ನುವಲ್ಲಿ ‘ವೆರಿ’ಗೆ ‘ಬಹಳ’ ಎಂಬ ಅರ್ಥ ಏಕೆ ಹೊಂದುವುದಿಲ್ಲ ಎಂಬುದು ಇದರಿಂದ ಬಿಡಿಸಿಕೊಳ್ಳುತ್ತದೆ: ಅಲ್ಲಿ ಉಳಿದಿರುವುದು ಹಳೆಯ ‘ನಿಜ’ದ ನೆರಳು. ನಾವೂ ‘ನಿಜಕ್ಕೂ ಚೆನ್ನಾಗಿದೆ’ ಎನ್ನುವಾಗ ಸತ್ಯಕ್ಕಿಂತ ಹೆಚ್ಚಾಗಿ ಒತ್ತನ್ನೇ ಹೇಳುತ್ತಿರುತ್ತೇವೆ.

ಓದುವವರು ಎಡವುವುದು ಎರಡು ಕಡೆ. ನಿಘಂಟಿನಲ್ಲಿ ‘ವೇರಾಕುಸ್’ ಪದದ ಮೊದಲಿಗೆ ಇರುವ ನಕ್ಷತ್ರ ಚಿಹ್ನೆಯನ್ನು (*) ಬಿಟ್ಟು ಓದಬಾರದು. ಆ ರೂಪ ಬರಹದಲ್ಲಿ ಸಿಕ್ಕಿಲ್ಲ, ವಿದ್ವಾಂಸರು ಊಹಿಸಿ ಕಟ್ಟಿದ್ದು ಎಂದು ಅದರರ್ಥ. ಇನ್ನು, ಕೊಟ್ಟಿರುವ ಕಾಲ ಪದ ಹುಟ್ಟಿದ ಕಾಲವಲ್ಲ, ಉಳಿದುಬಂದ ಮೊದಲ ಬರಹದ ಕಾಲ. ಮಾತಿನಲ್ಲಿ ಅದಕ್ಕೂ ಮುಂಚೆ ಇದ್ದಿರಬಹುದು.

ಸದ್ದು ನಂಬಿ ನಂಟು ಕಟ್ಟುವವರು ಇಲ್ಲಿ ಸದ್ದಿನಲ್ಲಿ ಹೋಲುವ ಬೇರೆ ಪದಗಳನ್ನೂ ಹುಡುಕಲೇಬೇಕು. ‘ವೆರಿಫೈ’, ‘ವರ್ಡಿಕ್ಟ್’ ಎರಡೂ ‘ವೇರುಸ್’ ಮನೆತನದವೇ. ‘ವೇರಿ’ (vary) ಎಂದು ಕೇಳಿಸುವ, ಬದಲಾಗು ಎಂಬರ್ಥದ ಕ್ರಿಯಾಪದ ಮಾತ್ರ ಲ್ಯಾಟಿನ್ನಿನ ‘ವಾರಿಯಾರೆ’ಯಿಂದ ಬಂದದ್ದು. ‘ಎವ್ರಿ’ ಲ್ಯಾಟಿನ್ ಮೂಲದ್ದೇ ಅಲ್ಲ. ಹಳೆಯ ಇಂಗ್ಲಿಷಿನ ‘ಎವರ್’ ಮತ್ತು ‘ಈಚ್’ ಕೂಡಿ ಆದದ್ದು.

ಕೊರತೆ ಒಂದಿದೆ, ಅದು ಸಣ್ಣದಲ್ಲ. ‘ನಿಜ’ ‘ಬಹಳ’ವಾಗಿ ಹೊರಳಿದ ಹಂತಗಳನ್ನು ತೋರಿಸುವ ಉದಾಹರಣೆ ವಾಕ್ಯಗಳು ಸಾಲುಸಾಲಾಗಿ ಇಲ್ಲಿ ಸಿಗುವುದಿಲ್ಲ. ಅದಕ್ಕೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯೇ ಬೇಕು. ಅದು ಚಂದಾ ಸೇವೆ, ಗ್ರಂಥಾಲಯದ ಸದಸ್ಯತ್ವದ ಮೂಲಕ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. ‘ವೇರುಸ್’ ಪದದ ಲಿಂಗ, ವಿಭಕ್ತಿ ರೂಪಗಳು ಬೇಕಿದ್ದರೆ ವಿಕ್ಷನರಿ ಎಂಬ ಆನ್‌ಲೈನ್ ನಿಘಂಟು ಸಾಕು, ಆದರೆ ಅದನ್ನು ಯಾರು ಬೇಕಾದರೂ ತಿದ್ದಬಹುದಾದ್ದರಿಂದ ಮೂಲದ ವಿಚಾರಕ್ಕೆ ಅದೊಂದನ್ನೇ ನೆಚ್ಚಬೇಡಿ. ಮೊದಲು ತೆರೆಯಬೇಕಾದ್ದು ಎಟಿಮಾನ್‌ಲೈನ್. ಅರ್ಥ ಹೊರಳಿದ ಜಾಗ ಕಂಡ ಕೂಡಲೇ ಆಕ್ಸ್‌ಫರ್ಡಿಗೆ ಹೋಗಿ.